ನನ್ನ ಕ್ಲಾಸಿನಲ್ಲಿ ಅವಳು

ಆಗಸ್ಟ್ 5, ಸೋಮವಾರ

ಗಂಟಲಿನಿಂದ ಗಂಟು ತೆಗೆದರು. ಅಕ್ಕಿಕಾಳಿನಷ್ಟಿತ್ತು ಎಂದರು ಡಾಕ್ಟರಮ್ಮ. ಅಷ್ಟು ಸಣ್ಣದು ನನ್ನ ಇಷ್ಟು ದೊಡ್ಡ ದನಿಯನ್ನು ಹೇಗೆ ತಿಂದುಹಾಕಿತೋ. ಕೆಟ್ಟದ್ದೇನೂ ಅಲ್ಲವಂತೆ. ಮೇಷ್ಟರುಗಳಿಗೆ, ಹಾಡುವವರಿಗೆ, ಬೀದಿಯಲ್ಲಿ ಕೂಗಿ ಸಾಮಾನು ಮಾರುವವರಿಗೆ ಬರುವಂಥದ್ದಂತೆ. ಮೂರನೆಯವರ ಜೊತೆ ನನ್ನನ್ನು ಸೇರಿಸಿದ್ದು ನನಗೆ ಹಿಡಿಸಲಿಲ್ಲ.

"ಎಷ್ಟು ದಿನ ಮಾತಾಡಬಾರದು?" ಎಂದು ನನ್ನ ಹೆಂಡತಿ ಕೇಳಿದಳು. ನಾನು ಕೇಳುವ ಹಾಗಿರಲಿಲ್ಲ.

"ನಾನು ಹೇಳೋವರೆಗೆ ಒಂದಕ್ಷರವೂ ಬೇಡ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ತಿಂಗಳಾಗಬಹುದು, ಜಾಸ್ತಿಯೂ ಆಗಬಹುದು. ಕ್ಲಾಸಿನ ಮಾತು ಆಮೇಲೆ."

ಮಗಳು ಒಂದು ಸ್ಲೇಟು ತಂದುಕೊಟ್ಟಿದ್ದಾಳೆ. ಗುಂಡಿ ಒತ್ತಿದರೆ ಬರೆದದ್ದೆಲ್ಲ ಮಾಯವಾಗುತ್ತದೆ. 'ನನಗೆ ಇದು ಬೇಡ' ಎಂದು ಬರೆದು ತೋರಿಸಿದೆ.

"ಬೇಡ ಅನ್ನೋಕೂ ಇದೇ ಬೇಕಾಯ್ತಲ್ಲ ಅಪ್ಪ," ಎಂದು ನಕ್ಕಳು.

ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವನು ಇದನ್ನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಕೈಕೊಡುತ್ತದೆ.

ಆಗಸ್ಟ್ 8, ಗುರುವಾರ

ಪ್ರಿನ್ಸಿಪಾಲರ ಫೋನ್ ಬಂತು. ನಾನೂ ಕೇಳಿಸಿಕೊಳ್ಳಲಿ ಎಂದು ಹೆಂಡತಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಎರಡನೇ ವರ್ಷದವರಿಗೆ ಇಂಗ್ಲಿಷ್ ಕ್ಲಾಸೇ ನಡೆಯುತ್ತಿಲ್ಲ, ಕಾರಿಡಾರಿನಲ್ಲಿ ಗದ್ದಲವೋ ಗದ್ದಲ ಎಂದು ಗೋಳಾಡಿದರು. ನಮ್ಮ ವಿಭಾಗದಲ್ಲಿ ನನ್ನ ಜೊತೆಗಿರುವವರು ಫುಲ್‌ಸ್ಟಾಪ್. ಅವರು ಬಾಯಿ ತೆರೆದರೆ ಯಾವ ಮಾತುಕತೆಯಾದರೂ ಅಲ್ಲಿಗೇ ನಿಲ್ಲುತ್ತದೆ ಎಂದು ಹುಡುಗರು ಇಟ್ಟ ಹೆಸರು. ನನ್ನನ್ನು ಮೈಕ್ ಸಾರ್ ಎನ್ನುತ್ತಾರೆ. ನನಗೆ ಅದರಿಂದ ಬೇಸರವೇನಿಲ್ಲ. ನಾನು ಪಾಠ ಮಾಡಿದರೆ ಕೊನೆಯ ಬೆಂಚಿಗೆ ಮಾತ್ರವಲ್ಲ, ಎದುರಿನ ಕಟ್ಟಡದ ಕೆಮಿಸ್ಟ್ರಿ ಲ್ಯಾಬಿಗೂ ಕೇಳಿಸುತ್ತದೆ.

ನನ್ನ ಕ್ಲಾಸುಗಳನ್ನು ಫುಲ್‌ಸ್ಟಾಪ್ ಮೈಮೇಲೆ ಹಾಕಿಕೊಳ್ಳಲು ಒಪ್ಪಲಿಲ್ಲವಂತೆ.

"ಮೇಡಂ, ನೀವೂ ಎಂ.ಎ. ಇಂಗ್ಲಿಷ್ ಅಲ್ವಾ?" ಎಂದರು ಪ್ರಿನ್ಸಿಪಾಲರು.

"ಹೌದು ಸಾರ್. ಮಗಳು ಹುಟ್ಟೋಕೆ ಮುಂಚೆ ಎರಡು ವರ್ಷ ಪಾಠ ಮಾಡಿದ್ದೆ."

"ಮತ್ತೆ ನೀವೇ ಯಾಕೆ ಬರಬಾರದು? ಮೇಷ್ಟ್ರು ಹುಷಾರಾಗೋವರೆಗೆ."

ಸ್ಲೇಟು ಎಳೆದುಕೊಂಡೆ. 'ಯೋಚಿಸಿ ಹೇಳುತ್ತೇವೆ' ಎಂದು ಬರೆಯಹೊರಟೆ. 'ಯೋಚಿಸಿ' ಮುಗಿಯುವಷ್ಟರಲ್ಲಿ ಅವಳು "ಸೋಮವಾರದಿಂದ ಬರ್ತೀನಿ ಸಾರ್" ಎಂದಾಗಿತ್ತು.

ಬರೆಯುವುದು ಎಷ್ಟು ನಿಧಾನದ ಕೆಲಸ.

ಆದದ್ದು ಒಳ್ಳೆಯದೇ. ಎರಡನೇ ವರ್ಷದವರು ಎಂಥವರೆಂದು ಅವಳಿಗೂ ಗೊತ್ತಾಗಲಿ. ನಾನು ಸಾಯಂಕಾಲ ಮನೆಗೆ ಬಂದು ಯಾಕೆ ಹಾಗೆ ಕುಸಿದು ಕೂರುತ್ತಿದ್ದೆ ಎನ್ನುವುದೂ ಗೊತ್ತಾಗಲಿ.

ಆಗಸ್ಟ್ 12, ಸೋಮವಾರ

ನಿನ್ನೆಯೆಲ್ಲ ಕೂತು ಅವಳಿಗಾಗಿ ಸೂಚನೆ ಬರೆದೆ. ಯಾರನ್ನು ಮುಂದೆ ಕೂರಿಸಬೇಕು, ಯಾರನ್ನು ನಂಬಬಾರದು, ಪಠ್ಯದಲ್ಲಿರುವ ನಾಟಕವನ್ನು ಹೇಗೆ ಓದಬೇಕು. ಈ ನಾಟಕ ನನ್ನದು. ಅಂದರೆ ನಾನು ಬರೆದದ್ದಲ್ಲ, ಆದರೆ ಇಷ್ಟು ವರ್ಷ ಕಲಿಸಿ ನನ್ನದೇ ಆಗಿಹೋಗಿದೆ. ನದಿ ದಾಟಿಸುವ ದೋಣಿಗಾರ, ಅವನ ಮಗಳು. ಊರಿಗೆ ಸೇತುವೆ ಬರುತ್ತದೆ, ದೋಣಿ ಮೂಲೆ ಸೇರುತ್ತದೆ. ಎಲ್ಲ ಪಾತ್ರಗಳನ್ನೂ ನಾನೊಬ್ಬನೇ ಓದುತ್ತೇನೆ, ಒಂದೊಂದಕ್ಕೆ ಒಂದೊಂದು ದನಿಯಲ್ಲಿ. ಕೊನೆಯಲ್ಲಿ ಅಪ್ಪನ ಮಾತು ಬಂದಾಗ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ.

ಅವಳು ಸೂಚನೆಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಓದಿದಳೋ ಇಲ್ಲವೋ.

ಹಗಲು ಉದ್ದವಾಗಿತ್ತು. ಅವಳು ಬರುವ ಹೊತ್ತಿಗೆ ಸ್ಲೇಟಿನಲ್ಲಿ ಒಂದು ಸಮಾಧಾನದ ಮಾತು ಬರೆದು ಸಿದ್ಧವಾಗಿಟ್ಟುಕೊಂಡಿದ್ದೆ: 'ಮೊದಲ ದಿನ ಎಲ್ಲರಿಗೂ ಹೀಗೇ ಆಗುತ್ತದೆ.' ಗೇಟು ತೆರೆದ ಸದ್ದಾಯಿತು. ಏನೋ ಗುನುಗುತ್ತಾ ಒಳಗೆ ಬಂದಳು. ತೋಳಿನ ಮೇಲೆಲ್ಲ ಸೀಮೆಸುಣ್ಣದ ಪುಡಿ.

ನಾನು ಗುಂಡಿ ಒತ್ತಿ ಸ್ಲೇಟು ಖಾಲಿ ಮಾಡಿದೆ.

"ಚೆನ್ನಾಗಿತ್ತು," ಎಂದಳು, ನಾನು ಕೇಳುವ ಮೊದಲೇ. ಅಷ್ಟೇ. ಏನು ಚೆನ್ನಾಗಿತ್ತು, ಯಾರಿಗೆ ಚೆನ್ನಾಗಿತ್ತು, ಒಂದೂ ಹೇಳಲಿಲ್ಲ.

ಆಗಸ್ಟ್ 16, ಶುಕ್ರವಾರ

ಬಿಸಿನೀರು. ಸ್ಲೇಟು. ಕಿಟಕಿ. ಮತ್ತೆ ಬಿಸಿನೀರು.

ಅವಳು ದಿನಾ ಗುನುಗುತ್ತಾಳೆ.

ಆಗಸ್ಟ್ 21, ಬುಧವಾರ

ನನ್ನ ಆರೋಗ್ಯ ವಿಚಾರಿಸಲು ಫುಲ್‌ಸ್ಟಾಪ್ ಬಂದಿದ್ದರು. ಬಂದವರಿಗೆ ಆರೋಗ್ಯದ ಮಾತು ನೆನಪೇ ಆಗಲಿಲ್ಲ.

"ನಿಮ್ಮ ಮನೆಯವರು ಜೋರಿದ್ದಾರೆ ಸಾರ್. ಹುಡುಗರು ಅವರನ್ನ ಏನಂತಾರೆ ಗೊತ್ತಾ? 'ಹೇಳಿ ಮೇಡಂ' ಅಂತಾರೆ."

ನಾನು ಹುಬ್ಬು ಹಾರಿಸಿದೆ.

"ಮೇಡಂ ಪ್ರಶ್ನೆ ಕೇಳ್ತಾರೆ, 'ಹೇಳಿ' ಅಂತಾರೆ, ಸುಮ್ಮನೆ ನಿಂತ್ಕೋತಾರೆ. ಯಾರಾದ್ರೂ ಬಾಯಿ ಬಿಡೋವರೆಗೂ ನಿಂತೇ ಇರ್ತಾರೆ. ನಾನು ಒಂದ್ಸಲ ಬಾಗಿಲ ಹತ್ರ ಹಾದುಹೋದೆ, ವಾಪಸ್ ಬರೋವಾಗಲೂ ಹಾಗೇ ನಿಂತಿದ್ರು. ನನಗೇ ಉತ್ತರ ಹೇಳಿಬಿಡೋಣ ಅನ್ನಿಸ್ತು."

ಅಂದರೆ ಪಾಠದ ಹೊತ್ತೆಲ್ಲ ಹಾಳು ಎಂದಾಯಿತು. ಅದನ್ನೇ ಸ್ಲೇಟಿನಲ್ಲಿ ಬರೆದೆ. ಫುಲ್‌ಸ್ಟಾಪ್ ಓದಿ ತಲೆಯಾಡಿಸಿದರು. "ಹಾಳೋ ಏನೋ. ನಾಟಕವನ್ನ ಹುಡುಗರ ಕೈಲೇ ಓದಿಸ್ತಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಕೊನೆಗೆ ಕ್ಲಾಸಲ್ಲೇ ಆಡಿಸ್ತಾರಂತೆ."

ಅಪ್ಪನ ಪಾತ್ರ ಯಾರಿಗೆ ಕೊಟ್ಟಿದ್ದಾಳೆ ಎಂದು ಬರೆದು ಕೇಳಿದೆ.

"ಯಾವಾಗಲೂ ತಡವಾಗಿ ಬರ್ತಾನಲ್ಲ, ಅವನಿಗೆ."

ಆ ಹುಡುಗನಿಗೆ. ತನ್ನ ಹಾಜರಿಯನ್ನೇ ಸರಿಯಾಗಿ ಕೂಗಲು ಬಾರದ ಹುಡುಗನಿಗೆ ನನ್ನ ದೋಣಿಗಾರನನ್ನು ಕೊಟ್ಟಿದ್ದಾಳೆ. ಫುಲ್‌ಸ್ಟಾಪ್ ಹೋದ ಮೇಲೆ ಅವರಿಗೆ ಟೀ ಕೊಡಲಿಲ್ಲ ಎಂದು ನೆನಪಾಯಿತು. ಕೊಡದೇ ಇದ್ದದ್ದೇ ಸರಿ.

ಇದು ಹೊಟ್ಟೆಕಿಚ್ಚಲ್ಲ. ಕೆಲಸದ ಮೇಲಿನ ಕಾಳಜಿ.

ಆಗಸ್ಟ್ 29, ಗುರುವಾರ

ಲೈಬ್ರರಿಯ ಪುಸ್ತಕ ಹಿಂದಿರುಗಿಸುವುದಿತ್ತು, ಕಾಲೇಜಿಗೆ ಹೋಗಿದ್ದೆ. ಪುಸ್ತಕವನ್ನು ಮಗಳ ಕೈಲಿ ಕಳಿಸಬಹುದಿತ್ತು, ನಿಜ. ಆದರೆ ವೈದ್ಯರು ನಡೆಯಬೇಡ ಎಂದಿಲ್ಲವಲ್ಲ.

ಲೈಬ್ರರಿಯಿಂದ ಬರುವ ದಾರಿಯಲ್ಲಿ ನನ್ನ ಕ್ಲಾಸು ಸಿಗುತ್ತದೆ. ಬಾಗಿಲಿನ ಪಕ್ಕ, ಒಳಗಿನವರಿಗೆ ಕಾಣದ ಕಡೆ ನೋಟಿಸ್ ಬೋರ್ಡಿದೆ. ಅದನ್ನು ಓದುತ್ತಾ ನಿಂತೆ. ಕಳೆದ ವರ್ಷದ ಕ್ರೀಡಾಕೂಟದ ನೋಟಿಸು.

ಒಳಗೆ ಅವಳು ಕೇಳುತ್ತಿದ್ದಳು, ಎರಡನೇ ಅಂಕದಲ್ಲಿ ದೋಣಿಗಾರನ ಮಗಳು ಯಾಕೆ ಒಂದೂ ಮಾತಾಡುವುದಿಲ್ಲ ಎಂದು. ಇದಕ್ಕೆ ಉತ್ತರ ನಾನು ಪ್ರತಿವರ್ಷ ಬರೆಸುತ್ತೇನೆ: ಅಪ್ಪನ ಮೇಲಿನ ಗೌರವದಿಂದ. ಪರೀಕ್ಷೆಯಲ್ಲಿ ಎಲ್ಲರೂ ಅದನ್ನೇ ಬರೆಯುತ್ತಾರೆ.

"ಹೇಳಿ," ಎಂದಳು. ಆಮೇಲೆ ಮೌನ. ಎಂಥ ಮೌನವೆಂದರೆ ಹೊರಗೆ ನಿಂತ ನನಗೇ ಕಾಲು ಜೋಮು ಹಿಡಿಯಿತು. ಆಗ ಕಿಟಕಿಯ ಕಡೆಯಿಂದ ಒಂದು ದನಿ ಬಂತು. ಯಾರದೆಂದು ಮೊದಲು ಗೊತ್ತಾಗಲಿಲ್ಲ. ಇಡೀ ಒಂದು ವರ್ಷ ನನ್ನ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂತು ತುಟಿ ಬಿಚ್ಚದ ಹುಡುಗಿ.

"ಶಿ ಡೋಂಟ್ ಟಾಕ್," ಎಂದಳು. ನಿಲ್ಲಿಸಿದಳು. "ಬಿಕಾಸ್ ನೋಬಡಿ ಆಸ್ಕ್ ಹರ್."

ನನ್ನ ಬಾಯಿ ತಾನಾಗಿ ತೆರೆಯಿತು. ಡೋಂಟ್ ಅಲ್ಲ, ಡಸಂಟ್. ಆಸ್ಕ್ ಅಲ್ಲ, ಆಸ್ಕ್ಸ್. ಎರಡು ವಾಕ್ಯ, ಎರಡು ತಪ್ಪು. ಪುಣ್ಯಕ್ಕೆ ದನಿ ಹೊರಡಲಿಲ್ಲ. ಒಳಗೆ ಅವಳು ತಿದ್ದಲೇ ಇಲ್ಲ. "ಹೌದಲ್ವಾ?" ಎಂದು ಮಿಕ್ಕವರನ್ನು ಕೇಳಿದಳು. ಆಮೇಲೆ ಎದ್ದ ಗಲಾಟೆ ನೋಡಬೇಕಿತ್ತು. ಎಲ್ಲರಿಗೂ ಏನೋ ಹೇಳುವುದಿತ್ತು, ಎಲ್ಲರದೂ ತಪ್ಪು ಇಂಗ್ಲಿಷು.

ಸಂಜೆ ಸ್ಲೇಟಿನಲ್ಲಿ ಬರೆದು ಅವಳ ಮುಂದೆ ಹಿಡಿದೆ: 'ಕ್ರಿಯಾಪದ ತಪ್ಪಿತ್ತು. ಯಾಕೆ ತಿದ್ದಲಿಲ್ಲ?'

"ನೀವು ಬಂದಿದ್ರಾ?" ಎಂದಳು.

ಸಿಕ್ಕಿಬಿದ್ದೆ. 'ಲೈಬ್ರರಿ' ಎಂದು ಬರೆದೆ.

"ಅವಳು ಬಾಯಿ ಬಿಟ್ಟಿದ್ದು ಇವತ್ತೇ ಮೊದಲು. ನಾಳೆ ತಿದ್ದಬಹುದು. ಇವತ್ತೇ ತಿದ್ದಿದ್ರೆ ನಾಳೆ ತಿದ್ದೋಕೆ ಏನಿರ್ತಿತ್ತು?"

ಇದಕ್ಕೆ ಸ್ಲೇಟಿನಲ್ಲಿ ಹಿಡಿಸುವಂಥ ಉತ್ತರವಿಲ್ಲ. ದನಿ ಇದ್ದಿದ್ದರೆ ಕೊಡುತ್ತಿದ್ದೆ.

ಆಗಸ್ಟ್ 30, ಶುಕ್ರವಾರ

ದನಿ ಇದ್ದಿದ್ದರೆ ಏನು ಹೇಳುತ್ತಿದ್ದೆ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಇನ್ನೂ ಹೊಳೆದಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ

ಅವಳು ಒಂದು ಹೊರೆ ಪ್ರಬಂಧಗಳನ್ನು ತಂದು ಮೇಜಿನ ಮೇಲೆ ಸುರಿದಳು. ಕತ್ತು ನೋವು ಎಂದಳು. ನಾನು ತಿದ್ದಿಕೊಡುತ್ತೇನೆ ಎಂದು ಬರೆದೆ. ಉಪಕಾರವೇನಲ್ಲ, ಹೊತ್ತು ಹೋಗಬೇಕಲ್ಲ. ಜೊತೆಗೆ, ಅವಳ ಹುಡುಗರ ಇಂಗ್ಲಿಷ್ ಎಷ್ಟು ಹದಗೆಟ್ಟಿದೆ ಎಂದು ಕಣ್ಣಾರೆ ನೋಡುವ ಆಸೆಯೂ ಇತ್ತು.

ನಾನು ಬರೆಸುವ ವಿಷಯ 'ನನ್ನ ಜೀವನದ ಗುರಿ'. ಅವಳು ಕೊಟ್ಟಿದ್ದು 'ನಮ್ಮ ಮನೆಯ ಬಾಗಿಲು'. ಬಾಗಿಲಿನ ಬಗ್ಗೆ ಏನು ಬರೆಯುತ್ತಾರೆ ಎಂದುಕೊಂಡು ಕೆಂಪು ಪೆನ್ನು ಹಿಡಿದೆ. ಮೊದಲ ಕೆಲವು ಹಾಳೆಗಳು ರಕ್ತಮಯವಾದವು.

ಆಮೇಲೆ ಕಿಟಕಿ ಹುಡುಗಿಯದು ಕೈಗೆ ಬಂತು. ಅಜ್ಜಿಯ ಗಾಲಿಕುರ್ಚಿ ತೂರಲಿಲ್ಲವೆಂದು ಅವರ ಮನೆಯ ಮುಂಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು, ಪರದೆ ಕಟ್ಟಿದ್ದಾರಂತೆ. ಅಂದಿನಿಂದ ಮನೆಯಲ್ಲಿ ಯಾರೂ ಜಗಳವಾಡುವ ಹಾಗಿಲ್ಲ, ಬೀದಿಗೆಲ್ಲ ಕೇಳಿಸುತ್ತದೆ. ಅಪ್ಪ ಅಮ್ಮ ಈಗ ಬಸ್ ಸ್ಟ್ಯಾಂಡಿಗೆ ಹೋಗಿ ಜಗಳ ಮುಗಿಸಿಕೊಂಡು ಬರುತ್ತಾರಂತೆ.

ನಕ್ಕೆ. ಸದ್ದಿಲ್ಲದೆ ನಗುವುದು ವಿಚಿತ್ರ, ಹೊಟ್ಟೆ ಮಾತ್ರ ಕುಣಿಯುತ್ತದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೋ ಹೇಳಲು ಬಂದವಳಂತಿದ್ದಳು, ಹೇಳದೆ ಒಳಗೆ ಹೋದಳು.

ಆ ಹಾಳೆಯಲ್ಲಿ ಮೂರು ಕ್ರಿಯಾಪದಗಳು ತಪ್ಪಿದ್ದವು. ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಕೆಂಪು ಪೆನ್ನಿನ ಶಾಯಿ ಮುಗಿಯುತ್ತಾ ಬಂದಿತ್ತು.

ಇಷ್ಟು ವರ್ಷಗಳಲ್ಲಿ ನನಗಾಗಿ ಯಾರೂ ಇಂಥದ್ದು ಬರೆದಿರಲಿಲ್ಲ. ಎಲ್ಲರ ಜೀವನದ ಗುರಿಯೂ ಒಂದೇ ಆಗಿತ್ತು. ಈಗ ಒಮ್ಮೆಗೇ ನನ್ನ ಹೆಂಡತಿಗೆ ಬಾಗಿಲು, ಅಜ್ಜಿ, ಜಗಳ ಎಲ್ಲ. ನಾನು ಬಾಗಿಲಿನ ಬಗ್ಗೆ ಕೇಳಿದ್ದರೆ ನನಗೂ ಬರೆಯುತ್ತಿದ್ದರು. ಯಾರಿಗಾದರೂ ಬರೆಯುತ್ತಿದ್ದರು.

ಸೆಪ್ಟೆಂಬರ್ 12, ಗುರುವಾರ

ಸಂಜೆ ಪ್ರಿನ್ಸಿಪಾಲರು ಮನೆಗೆ ಬಂದರು. ಕೂತ ಕೂಡಲೇ ಅವಳನ್ನು ಹೊಗಳಲು ಶುರುಮಾಡಿದರು. ನಾನು ಕುರ್ಚಿಯ ಕೈ ಹಿಡಿದುಕೊಂಡು ಕೇಳಿದೆ. ಬಾಯಿಲ್ಲದವನಿಗೆ ಎದ್ದು ಹೋಗುವುದೊಂದೇ ಉತ್ತರ, ಆದರೆ ಇದು ನನ್ನದೇ ಮನೆ, ಎಲ್ಲಿಗೆ ಹೋಗಲಿ.

ಅವಳು ಟೀ ಮಾಡಲು ಒಳಗೆ ಹೋದಾಗ ಅವರು ನನ್ನ ಕಡೆ ಬಾಗಿದರು. "ಮೇಷ್ಟ್ರೇ, ಮುಂದಿನ ಟರ್ಮಿನಿಂದ ನಿಮ್ಮ ವಿಭಾಗಕ್ಕೆ ಇನ್ನೊಂದು ಜಾಗ ಮಂಜೂರಾಗಿದೆ. ನೀವು ವಾಪಸ್ ಬಂದ ಮೇಲೂ ಮೇಡಂ ಇರಲಿ ಅಂತ ನನಗೆ ಆಸೆ. ಅವರನ್ನ ಕೇಳೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ."

ಅಡುಗೆಮನೆಯಲ್ಲಿ ಅವಳು ಗುನುಗುತ್ತಿದ್ದಳು.

ಸ್ಲೇಟಿನಲ್ಲಿ ಬರೆದೆ: 'ಅವಳಿಗೆ ಈಗಲೇ ಸುಸ್ತಾಗುತ್ತಿದೆ. ಕೇಳಿದರೆ ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾಳೆ. ಕೇಳದಿದ್ದರೆ ಒಳ್ಳೆಯದು.'

ಅವರು ಎರಡು ಸಲ ಓದಿದರು. "ಹಾಗಾದ್ರೆ ಬಿಡಿ," ಎಂದರು. ಅವಳು ಟೀ ತರುವಷ್ಟರಲ್ಲಿ ನಾನು ಗುಂಡಿ ಒತ್ತಿಯಾಗಿತ್ತು. ಏನೂ ಉಳಿದಿರಲಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ಕತ್ತು ನೋವು ಎಂದು ಅವಳೇ ಹೇಳಿದ್ದಳಲ್ಲ. ನಾನು ಬರೆದದ್ದು ಸುಳ್ಳಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಅವಳಿಗೆ ಕ್ಲಾಸಿತ್ತು, ಆಸ್ಪತ್ರೆಗೆ ಒಬ್ಬನೇ ಹೋಗಿದ್ದೆ. ಡಾಕ್ಟರಮ್ಮ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, "ಚೆನ್ನಾಗಿ ವಾಸಿಯಾಗಿದೆ. ಈಗ ಏನಾದ್ರೂ ಮಾತಾಡಿ," ಎಂದರು.

ಇಷ್ಟು ದಿನ ಕಾದದ್ದು ಇದಕ್ಕೇ. ತಲೆ ಮಾತ್ರ ಖಾಲಿ.

"ಏನು ಮಾತಾಡಲಿ?" ಎಂದೆ.

ನನ್ನ ದನಿಯೇ ಅಲ್ಲ ಅದು. ತಗ್ಗಿದ, ಒರಟಾದ, ಬೇರೆ ಯಾರದೋ ಮನೆಯ ಬಾಗಿಲಲ್ಲಿ ನಿಂತು ಕರೆದ ಹಾಗಿತ್ತು. ಇನ್ನು ಹೀಗೇ ಇರುತ್ತದಂತೆ, ಕೂಗುವ ಹಾಗಿಲ್ಲವಂತೆ. ಮನೆಯಲ್ಲಿ ಇವತ್ತಿನಿಂದಲೇ ಮಾತಾಡಬಹುದು, ಸೋಮವಾರದಿಂದ ಕ್ಲಾಸಿಗೂ ಹೋಗಬಹುದು ಎಂದರು.

ದಾರಿಯುದ್ದಕ್ಕೂ ಹಿಗ್ಗು. ಸೋಮವಾರ ನನ್ನ ಕ್ಲಾಸು ನನಗೆ. ಮೂರನೇ ಅಂಕ ಇನ್ನೂ ಬಾಕಿಯಿದೆ, ದೋಣಿಗಾರನ ಮಾತು ನನ್ನ ಬಾಯಲ್ಲೇ.

ಸಂಜೆ ಅವಳು ಬಂದಳು. ಕೈಯಲ್ಲಿ ಒಂದು ಉದ್ದನೆಯ ಕೋಲು. "ದೋಣಿಯ ಹುಟ್ಟು," ಎಂದಳು. ಕಾಲೇಜಿನ ತೋಟದ ಮಾಲಿಯ ಹತ್ತಿರ ಬೇಡಿ ತಂದಿದ್ದಳಂತೆ. ಮುಂದಿನ ಶುಕ್ರವಾರ ಆಡುತ್ತಾರಂತೆ. ತಡವಾಗಿ ಬರುವ ಹುಡುಗ ಈಗ ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಿದ್ದಾನಂತೆ. ಹೇಳುತ್ತಾ ಹೇಳುತ್ತಾ ಕೋಲನ್ನು ಗೋಡೆಗೆ ಒರಗಿಸಿ ಥಟ್ಟನೆ ಮಾತು ನಿಲ್ಲಿಸಿದಳು.

"ಡಾಕ್ಟ್ರು ಏನಂದ್ರು?"

ಬಾಯಿ ತೆರೆದರೆ ಸಾಕಿತ್ತು. ಸ್ಲೇಟು ತೆಗೆದುಕೊಂಡೆ. 'ಇನ್ನೂ ಸ್ವಲ್ಪ ದಿನ' ಎಂದು ಬರೆದೆ.

"ಅಯ್ಯೋ ಪಾಪ," ಎಂದಳು. ಮುಖದಲ್ಲಿ ಮಾತ್ರ ದೀಪ ಹತ್ತಿದ ಹಾಗಿತ್ತು.

ನಾನೇನೂ ಉದಾರಿಯಾಗಿಲ್ಲ. ಗಂಟಲು ಇನ್ನಷ್ಟು ಗಟ್ಟಿಯಾಗಲಿ ಎಂದಷ್ಟೇ. ಆ ಹುಡುಗ ಮೂರನೇ ಅಂಕದಲ್ಲಿ ಮುಗ್ಗರಿಸುವುದನ್ನು ನೋಡುವ ಕುತೂಹಲವೂ ಇದೆ.

ಸೆಪ್ಟೆಂಬರ್ 24, ಮಂಗಳವಾರ

ಮಾತು ಬಾರದಿದ್ದಾಗ ಸುಮ್ಮನಿರುವುದು ಸುಲಭ. ಬಂದ ಮೇಲೆ ಸುಮ್ಮನಿರುವುದು ಪ್ರಾಣಸಂಕಟ. ಬೆಳಿಗ್ಗೆ ಬಿಸಿ ಪಾತ್ರೆಗೆ ಕೈ ತಗುಲಿ ಅರ್ಧ ಕೂಗು ಹೊರಬಂತು, ಕೆಮ್ಮಿ ಮುಚ್ಚಿಕೊಂಡೆ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಕೋಣೆಯಲ್ಲಿ ನಿಂತು ದೋಣಿಗಾರನ ಕೊನೆಯ ಮಾತನ್ನು ಹೇಳಿ ನೋಡಿದೆ. ತಗ್ಗಿದ ದನಿಗೆ ಅದು ಬೇರೆಯೇ ಕೇಳಿಸುತ್ತದೆ, ಸಭೆಗೆ ಹೇಳಿದಂತಲ್ಲ, ಎದುರಿಗಿರುವ ಒಬ್ಬರಿಗೆ ಹೇಳಿದಂತೆ. ಮುಗಿಸಿ ತಿರುಗಿದರೆ ಬಾಗಿಲಲ್ಲಿ ಮಗಳು.

"ಅಪ್ಪ, ನಿನಗೆ ಮಾತು ಬರುತ್ತೆ."

"ಮೆಲ್ಲಗೆ ಮಾತಾಡು," ಎಂದೆ.

"ಯಾರೂ ಇಲ್ಲ ಮನೇಲಿ. ಅಮ್ಮನಿಗೆ ಯಾಕೆ ಹೇಳಿಲ್ಲ?"

"ಅವಳು ನಾಟಕ ಮುಗಿಸಲಿ ಅಂತ."

ಹಾಗೆ ಯಾಕೆ ಅಂದೆನೋ. ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ಅದು. ಮಗಳು ನನ್ನ ಮುಖವನ್ನೇ ನೋಡಿದಳು. "ನಿನಗೆ ಹೊಟ್ಟೆಕಿಚ್ಚು ಅಂದ್ಕೊಂಡಿದ್ದೆ," ಎಂದಳು.

"ಅದೂ ಇದೆ," ಎಂದೆ.

ಸೆಪ್ಟೆಂಬರ್ 27, ಶುಕ್ರವಾರ

ಅವಳೇ ಕರೆದಳು, ನಾಟಕ ನೋಡಲು ಹೋದೆ. ಕೊನೆಯ ಬೆಂಚಿನಲ್ಲಿ ಕೂತೆ. ಅಲ್ಲಿಂದ ಬೋರ್ಡು ಎಷ್ಟು ದೂರ.

ಬೆಂಚುಗಳನ್ನು ಒಟ್ಟಿ ದೋಣಿ ಮಾಡಿದ್ದರು. ಕಿಟಕಿ ಹುಡುಗಿಯೇ ದೋಣಿಗಾರನ ಮಗಳು. ತಡವಾಗಿ ಬರುವ ಹುಡುಗ ಹುಟ್ಟು ಹಿಡಿದು ನಿಂತ. ಕೊನೆಯ ಮಾತಿನಲ್ಲಿ ಅರ್ಧ ಸಾಲು ಮರೆತ. ನಾನು ಮುಂದಕ್ಕೆ ಬಾಗಿದೆ. ಆ ಸಾಲು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವನು ಹುಡುಕಲಿಲ್ಲ, ಹುಟ್ಟನ್ನು ಮೆಲ್ಲಗೆ ಮಗಳ ಕೈಗೆ ಕೊಟ್ಟು ಕೆಳಗಿಳಿದುಬಿಟ್ಟ. ನಾಟಕದಲ್ಲಿ ಹಾಗಿಲ್ಲ. ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು, ಪರಸ್ಪರ ನೋಡಿಕೊಂಡು ತಮಗೆ ತಾವೇ ತಟ್ಟಿಕೊಂಡ ಹಾಗೆ. ಯಾರೂ ಹಿಂದೆ ತಿರುಗಿ ನನ್ನನ್ನು ನೋಡಲಿಲ್ಲ. ನನ್ನ ಕೈಯೂ ತಟ್ಟುತ್ತಿತ್ತು, ನಿಲ್ಲಿಸಿದೆ.

ಹೊರಗೆ ಪ್ರಿನ್ಸಿಪಾಲರು ಅವಳನ್ನು ನಿಲ್ಲಿಸಿ ಏನೋ ಮಾತಾಡಿದರು. ನಾನು ಮುಂದೆ ನಡೆದು ಗೇಟಿನ ಹತ್ತಿರ ಕಾದೆ. ಮನೆಯವರೆಗೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಮನೆಯಲ್ಲಿ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. "ಪ್ರಿನ್ಸಿಪಾಲರು ಏನಂದ್ರು ಗೊತ್ತಾ? 'ನಿಮ್ಮ ಯಜಮಾನ್ರು ಕೇಳಬೇಡಿ ಅಂದ್ರು ಮೇಡಂ, ಇಲ್ಲದಿದ್ರೆ ಆ ಜಾಗ ನಿಮಗೇ ಅಂತಿದ್ದೆ' ಅಂದ್ರು. ಅಂದಿದ್ರಾ ನೀವು?"

ಸ್ಲೇಟು ಕೈಯಲ್ಲೇ ಇತ್ತು. ಅದನ್ನು ಪಕ್ಕಕ್ಕಿಟ್ಟೆ.

"ಹೌದು," ಎಂದೆ.

ದನಿ ಕೇಳಿ ಅವಳು ಬೆಚ್ಚಲಿಲ್ಲ. ನಿಧಾನವಾಗಿ ಕುರ್ಚಿ ಎಳೆದು ಕೂತಳು.

"ದನಿ ಯಾವಾಗ ಬಂತು?"

"ಹೋದ ಶುಕ್ರವಾರ."

"ಮತ್ತೆ ಇಷ್ಟು ದಿನ?"

"ನಾಟಕ ನೀನೇ ಮುಗಿಸಲಿ ಅಂತ."

"ಅದನ್ನೂ ನೀವೇ ತೀರ್ಮಾನ ಮಾಡಿದ್ರಿ," ಎಂದಳು. "ಬಾಯಿ ಕಟ್ಟಿ ಕೂರಿಸಿದ್ರೂ ನನ್ನ ಪರವಾಗಿ ಮಾತಾಡಿದ್ದು ನೀವೇ. ಕೊಡೋದೂ ನೀವೇ, ಕಿತ್ಕೊಳ್ಳೋದೂ ನೀವೇ. ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು?"

ಸಿಟ್ಟಿನಿಂದ ಹೇಳಿದ್ದರೆ ಎದುರು ಮಾತಾಡುತ್ತಿದ್ದೆ. ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಎದ್ದು ಒಳಗೆ ಹೋದಳು.

ಸೆಪ್ಟೆಂಬರ್ 28, ಶನಿವಾರ

ಮನೆಯಲ್ಲಿ ಎಲ್ಲರಿಗೂ ದನಿಯಿದೆ. ಮಾತು ಮಾತ್ರ ಮಗಳದೊಂದೇ.

ಸೆಪ್ಟೆಂಬರ್ 30, ಸೋಮವಾರ

ಪ್ರಿನ್ಸಿಪಾಲರ ಕೋಣೆಗೆ ಹೋದೆ.

"ದನಿ ಬಂತಾ ಮೇಷ್ಟ್ರೇ?"

"ಬಂತು. ಆ ಜಾಗ ಯಾರಿಗಾದ್ರೂ ಕೊಟ್ಟಾಯ್ತಾ?"

"ಶನಿವಾರ ಒಬ್ಬ ಹುಡುಗ ಬಂದು ಸಹಿ ಹಾಕಿ ಹೋದ. ನೀವೇ ಬೇಡ ಅಂದ್ರಲ್ಲ."

"ಹಾಗಾದ್ರೆ ನನ್ನ ಎರಡನೇ ವರ್ಷದ ಕ್ಲಾಸು ಅವಳಿಗಿರಲಿ. ನನಗೆ ಮೊದಲ ವರ್ಷದವರ ವ್ಯಾಕರಣ ಕೊಡಿ."

ವ್ಯಾಕರಣ ಯಾರಿಗೂ ಬೇಡದ ಕ್ಲಾಸು. ಊಟವಾದ ಮೇಲಿನ ಹೊತ್ತು, ಬಿಸಿಲು ಹೊಡೆಯುವ ಕೋಣೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾಟಕ ಬಿಟ್ಟುಕೊಡ್ತೀರಾ? ನೀವು?"

"ಅವಳನ್ನೇ ಕೇಳಿ," ಎಂದೆ. "ಈ ಸಲ ನನ್ನನ್ನ ಕೇಳಬೇಡಿ."

ಮೆಟ್ಟಿಲಿಳಿಯುವಾಗ ವಾಪಸ್ ಹೋಗಿ 'ತಮಾಷೆಗೆ ಅಂದೆ' ಎಂದುಬಿಡೋಣ ಅನ್ನಿಸಿತು. ಎರಡನೇ ವರ್ಷದವರ ಕ್ಲಾಸಿನ ಮುಂದೆಯೇ ಹಾದುಬರಬೇಕಿತ್ತು. ಒಳಗೆ ನಗುತ್ತಿದ್ದರು. ನನ್ನ ಕ್ಲಾಸಿನಲ್ಲಿ ಹಾಗೆ ಎಂದೂ ನಗಲಿಲ್ಲವಲ್ಲ ಎಂದು ಮನೆಯವರೆಗೂ ಹೊಟ್ಟೆ ಉರಿಯಿತು.

ಅಕ್ಟೋಬರ್ 3, ಗುರುವಾರ

"ಪ್ರಿನ್ಸಿಪಾಲರು ಕೇಳಿದ್ರು. ಬೇಡ ಅಂದೆ," ಎಂದಳು. ಬಟ್ಟೆ ಮಡಿಸುತ್ತಿದ್ದಳು. ನಾನು ಇನ್ನೊಂದು ತುದಿ ಹಿಡಿದೆ.

"ಯಾಕೆ? ನಾನೇ ಹೋಗಿ ಹೇಳಿದ್ದು."

"ಅದಕ್ಕೇ. ನೀವು ಬಿಟ್ಟುಕೊಟ್ಟ ಕ್ಲಾಸು ನನಗೆ ಬೇಡ. ನನ್ನ ಹುಡುಗರು ನಗ್ತಿದ್ರೆ ನೀವು ಪಕ್ಕದಲ್ಲಿ ಕಿವಿ ಕೊಟ್ಟು ಕೂತಿರ್ತೀರಿ. ನಿಮಗೆ ಕೇಳಿಸುತ್ತೇನೋ ಅಂತ ನಾನು ದನಿ ತಗ್ಗಿಸ್ತೀನಿ. ಇಬ್ಬರಿಗೂ ಅದೇ ಕೆಲಸ ಆಗುತ್ತೆ."

ಇನ್ನೊಂದು ಬಟ್ಟೆಯ ತುದಿ ನನ್ನ ಕೈಗೆ ಕೊಟ್ಟು ಅಂದಳು: "ಸ್ಟೇಷನ್ ಹಿಂದಿನ ಕಾಲೇಜಲ್ಲಿ ನನಗೆ ಕೆಲಸ ಸಿಕ್ಕಿದೆ. ಇಪ್ಪತ್ತೊಂದಕ್ಕೆ ಸೇರಬೇಕು. ಹೋದ ತಿಂಗಳ ಮೊದಲಲ್ಲೇ ಅರ್ಜಿ ಹಾಕಿದ್ದೆ."

ಮೊದಲಲ್ಲೇ. ಅಂದರೆ ಪ್ರಿನ್ಸಿಪಾಲರು ನಮ್ಮ ಮನೆಗೆ ಬರುವ ಮೊದಲೇ. ನಾನು ಬೇಡ ಎಂದು ಬರೆದದ್ದು, ಸುಮ್ಮನಿದ್ದದ್ದು, ನಾಟಕ ಬಿಟ್ಟುಕೊಟ್ಟದ್ದು, ಯಾವುದರಿಂದಲೂ ಅವಳ ದಾರಿ ಒಂದಡಿಯೂ ಆಚೀಚೆ ಆಗಿರಲಿಲ್ಲ.

"ನನಗೆ ಹೇಳಲಿಲ್ಲ," ಎಂದೆ.

"ಒಂದಿನ ಹೇಳೋಕೆ ಬಂದೆ. ನೀವು ಪ್ರಬಂಧ ತಿದ್ದುತ್ತಾ ನಗ್ತಾ ಕೂತಿದ್ರಿ. ಎಷ್ಟೋ ವರ್ಷ ಆಗಿತ್ತು ಹಾಗೆ ನೋಡಿ. ಹಾಳು ಮಾಡೋದು ಬೇಡ ಅನ್ನಿಸ್ತು."

ಬಟ್ಟೆಯ ತುದಿಗಳು ಕೂಡಲಿಲ್ಲ. ಮತ್ತೆ ಮೊದಲಿನಿಂದ ಮಡಿಸಿದೆವು.

ಅಕ್ಟೋಬರ್ 14, ಸೋಮವಾರ

ಎರಡನೇ ವರ್ಷ ಮತ್ತೆ ನನಗೇ. ಒಳಗೆ ಹೋದೆ. ಎದ್ದು ನಿಂತರು, ಬಾಗಿಲ ಕಡೆ ನೋಡಿದರು. ನನ್ನ ಹಿಂದೆ ಇನ್ನಾರಾದರೂ ಬರುತ್ತಾರೋ ಎಂಬಂತೆ.

"ಮೇಡಂ ಇನ್ನು ಬರೋದೇ ಇಲ್ವಾ ಸಾರ್?" ಎಂದ ತಡವಾಗಿ ಬರುವ ಹುಡುಗ. ಮೊದಲ ಬೆಂಚಿನಲ್ಲಿ ಕೂತಿದ್ದ.

"ಇಲ್ಲ," ಎಂದೆ. ನನ್ನ ದನಿ ಮೂರನೇ ಬೆಂಚು ದಾಟಲಿಲ್ಲ. ಹಿಂದಿನವರು ಒಬ್ಬೊಬ್ಬರಾಗಿ ಎದ್ದು ಮುಂದೆ ಬಂದು ಇರುಕಿಕೊಂಡು ಕೂತರು. ಇಷ್ಟು ಹತ್ತಿರದಿಂದ ಇವರ ಮುಖಗಳನ್ನು ನಾನು ನೋಡಿರಲಿಲ್ಲ.

ಹೊಸ ಪದ್ಯ ಶುರುಮಾಡಿದೆ. ಕಿಟಕಿ ಹುಡುಗಿ ಏನೋ ಅಂದಳು, ಕ್ರಿಯಾಪದ ತಪ್ಪಿತ್ತು. ತಿದ್ದಲು ಬಾಯಿ ತೆರೆದೆ. ಗಂಟಲು ಒಣಗಿತ್ತು, ಬಿಟ್ಟೆ. ಮುಂದೆ ಅವಳು ಇನ್ನೆರಡು ವಾಕ್ಯ ಹೇಳಿದಳು. ಮೇಡಂಗಾದರೆ ಹತ್ತು ಹೇಳುತ್ತಿದ್ದಳು, ನನಗೆ ಗೊತ್ತು.

ಅಕ್ಟೋಬರ್ 21, ಸೋಮವಾರ

ಇವತ್ತು ಅವಳ ಮೊದಲ ದಿನ. ನನ್ನ ಕ್ಲಾಸು ಬೇಗ ಮುಗಿಯಿತು. ಸ್ಟೇಷನ್ ಕಡೆ ಒಂದು ಕೆಲಸವಿತ್ತು, ಹೋಗಿದ್ದೆ. ಕೆಲಸವೇನೂ ಇರಲಿಲ್ಲ. ಅವಳ ಕಾಲೇಜು ಮೂರು ಮಹಡಿ, ಗಾಜಿನ ಕಿಟಕಿಗಳೆಲ್ಲ ಮುಚ್ಚಿದ್ದವು. ರೈಲಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ. ಯಾವ ಮಹಡಿಯೋ, ಯಾವ ಕೋಣೆಯೋ.

ಮನೆಗೆ ಬಂದು ಟೀಗೆ ನೀರಿಟ್ಟೆ. ಕುದಿದು ಆರಿತು, ಮತ್ತೆ ಇಟ್ಟೆ. ಅವಳು ಬಂದಳು. ಗುನುಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಅಲ್ಲೇ ಕುರ್ಚಿಯಲ್ಲಿ ಕುಸಿದಳು.

"ಯಾರಾದ್ರೂ ಬಾಯಿ ಬಿಟ್ರಾ?" ಎಂದೆ.

"ಒಬ್ಬ ಬಿಟ್ಟ. ಅವನೂ ನೀರು ಕುಡಿಯೋಕೆ ಹೋಗ್ಲಾ ಅಂತ ಕೇಳೋಕೆ."

"ನೀನೇನಂದೆ?"

"ಇಂಗ್ಲಿಷಲ್ಲಿ ಕೇಳು ಅಂದೆ."

"ಕೇಳಿದ್ನಾ?"

ಅವಳು ಲೋಟ ತೆಗೆದುಕೊಂಡು ಎರಡು ಗುಟುಕು ಕುಡಿದಳು. ನಾನು ಕಾದೆ.

"ಇಲ್ಲ. ಬಾಯಾರಿಕೊಂಡೇ ಕೂತ. ನಾಳೆ ಕೇಳ್ತಾನೆ."

ಅವನು ಯಾವ ಬೆಂಚಿನಲ್ಲಿ ಕೂರುತ್ತಾನೆ ಎಂದು ಕೇಳಿದೆ.

"ನಿಮಗ್ಯಾಕೆ ಅದೆಲ್ಲ?" ಎಂದಳು. ಆದರೂ ಹೇಳಿದಳು.